ಏರಿನಲ್ಲಿ ಇಬ್ಬರು ನೆಗೆಣ್ಣಿಯರು

ಛತ್ರಪತಿ ಸಂಭಾಜಿನಗರದ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ವಿಜಯಶ್ರೀ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಾಳೆ. ನರ ಹುಡುಕುವುದರಲ್ಲಿ ಅವಳ ಕೈಗೆ ಹೆಸರಿದೆ. ಬೇರೆಯವರು ಎರಡು ಮೂರು ಸಲ ಚುಚ್ಚಿ ಕೈಬಿಟ್ಟ ಮುದುಕರನ್ನು ಅವಳ ಕುರ್ಚಿಗೇ ಕಳಿಸುತ್ತಾರೆ. ಊರು ಬೀದರ ಜಿಲ್ಲೆಯ ಹುಮನಾಬಾದ್. ಗಂಡ ರವಿಕಾಂತ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಒಬ್ಬಳೇ ಮಗಳು ಪುಣೆಯ ಹಾಸ್ಟೆಲಿನಲ್ಲಿದ್ದಾಳೆ.

ಸೈಕಲ್ ಅವಳ ಬದುಕಿಗೆ ಬಂದದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಗಂಡನ ದೆಸೆಯಿಂದ. ಲಾಕ್‌ಡೌನ್ ಮುಗಿದ ಮೇಲೆ ಹೊಟ್ಟೆ ಕರಗಿಸುತ್ತೇನೆಂದು ರವಿಕಾಂತ ಒಂದು ಸೈಕಲ್ ತಂದ. ಒಂಬತ್ತು ದಿನ ತುಳಿದು ಗ್ಯಾಲರಿಯಲ್ಲಿ ನಿಲ್ಲಿಸಿದ. ಹತ್ತನೆಯ ದಿನ ಅದರ ಮೇಲೆ ಒದ್ದೆ ಟವೆಲು ಒಣಗುತ್ತಿದ್ದುದನ್ನು ಕಂಡು ವಿಜಯಶ್ರೀಗೆ ರೇಗಿತು. ಟವೆಲು ಕಿತ್ತೊಗೆದು ಸೈಕಲ್ ಇಳಿಸಿಕೊಂಡು ಲ್ಯಾಬಿಗೆ ಹೊರಟಳು. ಮುಂದಿನ ತಿಂಗಳು ದೌಲತಾಬಾದ್‌ವರೆಗೆ ಹೋದಳು, ಆಮೇಲೆ ಖುಲ್ದಾಬಾದ್. ಮಳೆಗಾಲ ಕಳೆಯುವಷ್ಟರಲ್ಲಿ ಮ್ಹೈಸಮಾಳದ ಗುಡ್ಡವನ್ನು ಒಮ್ಮೆಯೂ ಕಾಲು ನೆಲಕ್ಕೆ ಊರದೆ ಏರಿದಳು. ಏರಿದ ಮೇಲೆ ಒಬ್ಬಳೇ ನಿಂತು ಅತ್ತಳು. ಯಾಕೆ ಅತ್ತೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಎರಡನೆಯ ವರ್ಷ ಗ್ರಾವೆಲ್ ಸೈಕಲ್ ಕೊಂಡಳು. ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಆದರೆ ಕಲ್ಲು ಮಣ್ಣು ಕಚ್ಚಿ ಹಿಡಿಯುವ ದಪ್ಪ ಟಾಯರು. ಡಾಂಬರು ಮುಗಿದಲ್ಲಿ ಬೇರೆಯವರು ಹಿಂದೆ ತಿರುಗುತ್ತಾರೆ, ಈ ಸೈಕಲ್ಲಿನವರು ಅಲ್ಲಿಂದ ಶುರು ಮಾಡುತ್ತಾರೆ. ಮ್ಹೈಸಮಾಳದ ಹಿಂಬದಿಗೆ ಕುರಿಗಾರರು ಓಡಾಡುವ ಒಂದು ಕಚ್ಚಾ ದಾರಿಯಿದೆ. ಸವಾರರು ಮೊಬೈಲಿನಲ್ಲಿ ಇಟ್ಟುಕೊಳ್ಳುವ ಆ್ಯಪ್ ಪ್ರತಿಯೊಂದು ಏರನ್ನೂ ಅಳೆದು, ಅದನ್ನು ಎಲ್ಲರಿಗಿಂತ ಬೇಗ ಏರಿದ ಹೆಂಗಸಿನ ಹೆಸರಿನ ಪಕ್ಕ ಪುಟ್ಟ ಕಿರೀಟ ತೋರಿಸುತ್ತದೆ. ಆ ಕಚ್ಚಾ ದಾರಿಯ ಕಿರೀಟ ಎರಡು ವರ್ಷ ವಿಜಯಶ್ರೀಯದಾಗಿತ್ತು.

ಅವಳ ಅತ್ತೆ ಕಸ್ತೂರಿಬಾಯಿ ಇರುವುದು ನಾಸಿಕದಲ್ಲಿ, ಕಿರಿಮಗ ಸಂಗಮನಾಥನ ಮನೆಯಲ್ಲಿ. ಕಿರೀಟವೆಂದರೇನೆಂದು ಮುದುಕಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಆದರೂ ಮನೆಗೆ ಬಂದವರಿಗೆಲ್ಲ ಮೊಬೈಲು ತೋರಿಸಿ, "ನೋಡ್ರಿ, ನಮ್ಮ ಹಿರಿ ಸೊಸಿ. ಗುಡ್ಡಕ್ಕ ರಾಣಿ ಆಗ್ಯಾಳಂತ" ಎನ್ನುತ್ತಿದ್ದಳು. ಸೈಕಲ್ ಹಿಡಿದು ನಿಂತ ವಿಜಯಶ್ರೀಯ ಫೋಟೊ ಆ ಮೊಬೈಲಿನ ಪರದೆಯ ಮೇಲೇ ಇರುತ್ತಿತ್ತು.

ಸಂಗಮನಾಥ ಸಿನ್ನರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಮದುವೆ ತಡವಾಗಿ ಆಯಿತು. ಹೆಂಡತಿ ಶ್ರೀಜಾ ಭಾಲ್ಕಿ ಕಡೆಯವರ ಮಗಳು, ಆದರೆ ಹುಟ್ಟಿ ಬೆಳೆದದ್ದು ನಾಸಿಕದಲ್ಲೇ. ದ್ರಾಕ್ಷಿ ರಫ್ತು ಮಾಡುವ ಕಂಪನಿಯಲ್ಲಿ ಕೆಲಸ. ಇಪ್ಪತ್ತೆಂಟು ವರ್ಷ, ಉದ್ದ ಕಾಲು, ಬಾಯ್ತುಂಬ ನಗು. ಅವಳ ಕನ್ನಡದಲ್ಲಿ ಅರ್ಧ ಮರಾಠಿ. ಮೊದಲ ಗಣಪತಿ ಹಬ್ಬಕ್ಕೆ ಸಂಭಾಜಿನಗರಕ್ಕೆ ಬಂದವಳು ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ಮುಟ್ಟಿ ಮುಟ್ಟಿ ನೋಡಿದಳು.

"ಅಕ್ಕಾ, ಮಲಾ ಪಣ್, ನಂಗೂ ಕಲಸ್ರಿ ನಾ!"

ವಿಜಯಶ್ರೀಗೆ ಎಷ್ಟು ಖುಷಿಯಾಯಿತೆಂದರೆ ತನ್ನ ಹಳೆಯ ಸೈಕಲ್ಲನ್ನು ಟೆಂಪೊದಲ್ಲಿ ಹಾಕಿಸಿ ನಾಸಿಕಕ್ಕೆ ಕಳಿಸಿಬಿಟ್ಟಳು. ಗಾಲಿ ಬಿಚ್ಚುವುದು, ಪಂಕ್ಚರ್ ಹಾಕುವುದು, ಏರಿನಲ್ಲಿ ಉಸಿರು ಹಿಡಿಯುವುದು ಎಲ್ಲವನ್ನೂ ಫೋನಿನಲ್ಲೇ ಹೇಳಿಕೊಟ್ಟಳು. ಮನೆತನದಲ್ಲಿ ತನ್ನ ಹುಚ್ಚಿಗೆ ಜೊತೆ ಸಿಕ್ಕಿತೆಂದು ಎಲ್ಲರೆದುರು ಹೇಳಿಕೊಂಡಳು.

ಒಂದು ವರ್ಷ ಹಾಗೇ ಕಳೆಯಿತು. ಶ್ರೀಜಾ ತ್ರ್ಯಂಬಕದ ಸುತ್ತಲಿನ ಗುಡ್ಡಗಳನ್ನು ತುಳಿದಳು, ತನ್ನದೇ ಗ್ರಾವೆಲ್ ಸೈಕಲ್ ಕೊಂಡಳು. ದೀಪಾವಳಿಗೆ ಗಂಡನ ಜೊತೆ ಸಂಭಾಜಿನಗರಕ್ಕೆ ಬಂದಾಗ ಸೈಕಲ್ಲನ್ನೂ ಕಾರಿನ ಹಿಂದೆ ಕಟ್ಟಿಕೊಂಡು ಬಂದಿದ್ದಳು. ಮರುದಿನ ವಿಜಯಶ್ರೀಗೆ ಡ್ಯೂಟಿ ಇತ್ತು. ಲ್ಯಾಬಿನಲ್ಲಿ ಒಬ್ಬ ಮುದುಕನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಾಗ ಟೇಬಲ್ಲಿನ ಮೇಲಿದ್ದ ಮೊಬೈಲು ಟಿಣ್ ಎಂದಿತು. ಮ್ಹೈಸಮಾಳದ ಕಿರೀಟ ಹೋಗಿತ್ತು. ಶ್ರೀಜಾ ಅವಳಿಗಿಂತ ನಾಲ್ಕು ನಿಮಿಷ ಹತ್ತು ಸೆಕೆಂಡು ಕಡಿಮೆ ಹೊತ್ತಿನಲ್ಲಿ ಏರಿದ್ದಳು.

ಆ ಮುದುಕನಿಗೆ ವಿಜಯಶ್ರೀ ಎರಡು ಸಲ ಚುಚ್ಚಬೇಕಾಯಿತು.

ಸಂಜೆ ಮನೆಗೆ ಬಂದಾಗ ಶ್ರೀಜಾ ಓಡಿಬಂದು ತಬ್ಬಿಕೊಂಡಳು. "ಸಾರಿ ಅಕ್ಕಾ, ನಂಗ ಗೊತ್ತೇ ಇದ್ದಿಲ್ಲ ಅದು ನಿಮ್ದಂತ! ಸುಮ್ನ ತುಳದೆ!"

ಸುಮ್ಮನೆ ತುಳಿದಳಂತೆ. ವಿಜಯಶ್ರೀ ಅವಳ ಬೆನ್ನು ತಟ್ಟಿದಳು. ನಗುತ್ತ, "ಛಲೋ ಆತು ಬಿಡು, ಮನ್ಯಾಗೇ ಉಳೀತಲ್ಲ" ಎಂದಳು. ಅಡುಗೆಮನೆಗೆ ಹೋಗಿ ಹೋಳಿಗೆಯ ಹೂರಣ ತಿರುವುತ್ತ ಅದನ್ನು ತಳ ಹತ್ತಿಸಿದಳು.

ಅಲ್ಲಿಂದ ಮುಂದೆ ಅವಳು ಮ್ಹೈಸಮಾಳಕ್ಕೆ ಹನ್ನೊಂದು ಸಲ ಹೋದಳು. ಗಂಡನಿಗೆ ಬೇರೆ ಕಡೆ ಹೋಗುತ್ತೇನೆಂದು ಹೇಳಿ ಹೋದಳು, ಬೆಲ್ಲ ಕಲಸಿದ ನೀರು ಕುಡಿದು ಹೋದಳು, ಬ್ಯಾಗಿನ ಭಾರ ಇಳಿಸಿ ಹೋದಳು. ತನ್ನ ಹಳೆಯ ಲೆಕ್ಕಕ್ಕಿಂತ ಒಂದೂವರೆ ನಿಮಿಷ ಕಡಿಮೆ ಮಾಡಿಕೊಂಡಳು. ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ನಲವತ್ಮೂರರ ಶ್ವಾಸಕೋಶ, ಇಪ್ಪತ್ತೊಂಬತ್ತರ ಕಾಲು ಎರಡೂ ಬೇರೆ ಬೇರೆ ಎಂದು ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೂ ಉರಿ ಆರಲಿಲ್ಲ. ಸಂಕ್ರಮಣಕ್ಕೆ ನಾಸಿಕಕ್ಕೆ ಹೋದಾಗ ಅತ್ತೆಯ ಮೊಬೈಲಿನಲ್ಲಿ ಶ್ರೀಜಾಳ ಫೋಟೊ ಇತ್ತು. ಹೊಸ ಮೊಬೈಲು ಕೊಡಿಸಿದಾಗ ಸಂಗಮನಾಥ ಹಾಕಿಕೊಟ್ಟದ್ದು, ಅತ್ತೆಗೆ ಬದಲಾದದ್ದೂ ತಿಳಿದಿರಲಿಲ್ಲ. ವಿಜಯಶ್ರೀ ಮಾತ್ರ ಆ ಎರಡು ದಿನ ಅತ್ತೆಯ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆ ವರ್ಷ ಉತ್ಕರ್ಷ ಎಂಬ ನಾಸಿಕದ ಸವಾರ ಎಂಟು ಜನರ ತಂಡ ಕಟ್ಟಿದ. ಸೆಪ್ಟೆಂಬರಿನಲ್ಲಿ ಹಿಮಾಚಲದ ಸ್ಪಿತಿಗೆ ಹೋಗುವುದು, ಕಿನ್ನೌರ್ ಕಡೆಯಿಂದ ನಿಧಾನ ಏರುತ್ತ ಕಾಜಾ ಮುಟ್ಟುವುದು, ಅಲ್ಲಿಂದ ಲೋಸರ್ ಹಳ್ಳಿ, ಕೊನೆಗೆ ಬೆಟ್ಟಸಾಲನ್ನು ದಾಟಿಸುವ ಕುಂಜುಮ್ ಪಾಸ್. ನಾಲ್ಕೂವರೆ ಸಾವಿರ ಮೀಟರ್ ಎತ್ತರ, ಬರೀ ಜಲ್ಲಿ ಕಲ್ಲಿನ ರಸ್ತೆ. ಮೂರು ವರ್ಷದಿಂದ ವಿಜಯಶ್ರೀ ಕಂಡ ಕನಸು ಅದು. ಮೊದಲ ಹೆಸರು ಅವಳೇ ಕೊಟ್ಟಳು. ಎರಡನೆಯದು ಶ್ರೀಜಾಳದು.

ಆಗ ವಿಜಯಶ್ರೀ ಒಂದು ಕೆಲಸ ಮಾಡಿದಳು. ತಂಡದವರೆಲ್ಲ ರಕ್ತ ತಪಾಸಣೆ ಮಾಡಿಸಬೇಕಿತ್ತು. ಶ್ರೀಜಾ ಅಕ್ಕನಿಗೆ ಕಳಿಸಿದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇತ್ತು. ತೀರ ಚಿಂತೆ ಮಾಡುವಂಥದ್ದಲ್ಲ, ಎರಡು ತಿಂಗಳು ಮಾತ್ರೆ ನುಂಗಿದರೆ ಸರಿಹೋಗುವಂಥದ್ದು. ವಿಜಯಶ್ರೀ ಅದನ್ನು ಅತ್ತೆಗೆ ಫೋನಿನಲ್ಲಿ ಬೇರೆಯೇ ದನಿಯಲ್ಲಿ ಹೇಳಿದಳು. "ರಕ್ತ ಇಲ್ಲರಿ ಅತ್ತಿ ಅಕಿ ಮೈಯಾಗ. ಮ್ಯಾಲ ಗಾಳಿನೇ ಇರಂಗಿಲ್ಲ. ಈ ವರ್ಷ ಬ್ಯಾಡಂತ ಹೇಳ್ರಿ." ಸಂಗಮನಾಥ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ನಕ್ಕು ಮಾತ್ರೆ ಬರೆದುಕೊಟ್ಟರು. ವಿಷಯ ಎಲ್ಲರಿಗೂ ತಿಳಿಯಿತು. ರವಿಕಾಂತ ಚಹಾ ಕುಡಿಯುತ್ತ, "ಅಷ್ಟ್ಯಾಕ ಉರಕೋತಿ ಮಾರಾಯ್ತಿ, ಸಣ್ಣಾಕಿ ಅದಾಳ" ಎಂದ. ವಿಜಯಶ್ರೀ ನಾಲ್ಕು ದಿನ ಅವನಿಗೆ ಡಬ್ಬಿ ಕಟ್ಟಲಿಲ್ಲ.

ಸೆಪ್ಟೆಂಬರಿನಲ್ಲಿ ಹೊರಟರು. ಜೊತೆಗೆ ಸಾಮಾನಿನ ಜೀಪೊಂದು. ಉತ್ಕರ್ಷನದು ಒಂದು ಕಟ್ಟುನಿಟ್ಟು: ದಿನಾ ಬೆಳಿಗ್ಗೆ ಪ್ರತಿಯೊಬ್ಬರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ ಮೈಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡಬೇಕು. ಎಪ್ಪತ್ತೈದಕ್ಕಿಂತ ಕೆಳಗಿದ್ದರೆ ಆ ದಿನ ಸೈಕಲ್ ಇಲ್ಲ, ಜೀಪಿನಲ್ಲಿ ಕೆಳಕ್ಕೆ. ಲ್ಯಾಬಿನವಳೆಂದು ಆ ಕೆಲಸ ವಿಜಯಶ್ರೀಗೇ ಬಂತು. ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುತ್ತಿದ್ದಳು.

ಕಾಜಾದವರೆಗಿನ ಏಳು ದಿನವೂ ಶ್ರೀಜಾ ಮುಂದೆಯೇ ಇದ್ದಳು. ವಿಜಯಶ್ರೀಗೆ ಕಂಡದ್ದು ಅವಳ ಕೆಂಪು ಜಾಕೀಟಿನ ಬೆನ್ನು. ತಿರುವಿನಲ್ಲಿ ಮಾಯವಾಗುವುದು, ಮುಂದಿನ ತಿರುವಿನಲ್ಲಿ ಇನ್ನಷ್ಟು ಸಣ್ಣದಾಗಿ ಕಾಣುವುದು. ಸಂಜೆ ಉಳಿದವರು ಮುಟ್ಟುವಷ್ಟರಲ್ಲಿ ಅವಳು ಕೈಕಾಲು ತೊಳೆದು ಎಲ್ಲರಿಗೂ ಶುಂಠಿ ಚಹಾ ಹೇಳಿರುತ್ತಿದ್ದಳು. "ಬರ್ರಿ ಅಕ್ಕಾ, ಅದ್ರಕ್ ಹಾಕ್ಸೀನಿ." ವಿಜಯಶ್ರೀ ಆ ಚಹಾವನ್ನು ಅರ್ಧಕ್ಕೇ ಬಿಡುತ್ತಿದ್ದಳು. ಹಿಮ ಹೊದ್ದ ಶಿಖರ, ಬೂದು ಬಣ್ಣದ ನದಿ, ಬಟಾಣಿ ಹೊಲದ ಹಸಿರು, ಇದನ್ನೆಲ್ಲ ನೋಡಲೆಂದೇ ಮೂರು ವರ್ಷ ಕಾದವಳು ಆ ಏಳು ದಿನದಲ್ಲಿ ನೋಡಿದ್ದು ಒಂದು ಜಾಕೀಟು.

ಲೋಸರಿನ ಬೆಳಿಗ್ಗೆ ಬಂತು. ಉಳಿದುಕೊಂಡ ಮನೆಯ ಒಲೆಯ ಸುತ್ತ ಕೂತು ಎಲ್ಲರೂ ಪರಾಠ ತಿನ್ನುತ್ತಿದ್ದರು. ಶ್ರೀಜಾ ತಟ್ಟೆ ಮುಟ್ಟಿರಲಿಲ್ಲ. ಮುಖ ಸ್ವಲ್ಪ ಊದಿಕೊಂಡಿತ್ತು.

"ತಲಿ ಸಿಡೀಲಿಕ್ಕತ್ತದ ಅಕ್ಕಾ. ನಿದ್ದಿ ಆಗಿಲ್ಲ, ಅದಕ್ಕ ಇರಬೇಕು."

ವಿಜಯಶ್ರೀ ಅವಳ ಬೆರಳಿಗೆ, ಅಂಕಿ ತನ್ನ ಕಡೆ ಬರುವಂತೆ, ಆಕ್ಸಿಮೀಟರ್ ಸಿಕ್ಕಿಸಿದಳು. ಅರವತ್ತಾರು. ಬೆರಳು ತಿಕ್ಕಿ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡಿದಳು. ಅರವತ್ತೇಳು.

"ಎಷ್ಟದ ಅಕ್ಕಾ?"

ಈಗ ನಿಜ ಹೇಳಿದರೆ ಹಿಮೋಗ್ಲೋಬಿನ್ ಕಥೆಯೇ ಮತ್ತೆ ಶುರುವಾಗುತ್ತದೆ, ಹೊಟ್ಟೆಕಿಚ್ಚಿಗೆ ಹೇಳುತ್ತಾಳೆ ಅಂದಾರು. ಮೊದಲು ಬಂದ ಯೋಚನೆ ಇದು. ಅದರ ಕೆಳಗೆ ಇನ್ನೊಂದಿತ್ತು. ಇವತ್ತು ಇವಳಿಗೆ ತ್ರಾಣವಿಲ್ಲ. ಇವತ್ತೊಂದು ದಿನ ಇವಳನ್ನು ಹಿಂದೆ ಹಾಕಬಹುದು. ಶ್ರೀಜಾ ಜೀಪಿನಲ್ಲಿ ಕೂತು ಕೆಳಗಿಳಿದರೆ ತಾನು ಹಿಂದೆ ಹಾಕುವುದು ಯಾರನ್ನು?

"ಎಂಬತ್ತು," ಎಂದಳು ವಿಜಯಶ್ರೀ. "ನಡೀತದ. ನೀರು ಕುಡಿ." ಪುಸ್ತಕದಲ್ಲೂ ಎಂಬತ್ತೆಂದೇ ಬರೆದಳು.

ಎಂಟು ಗಂಟೆಗೆ ಹೊರಟರು. ಜೀಪು ಊಟದ ಸಾಮಾನು ತೆಗೆದುಕೊಂಡು ಮೊದಲೇ ಏರಿನ ತುದಿಗೆ ಹೋಯಿತು. ಐದನೆಯ ಕಿಲೋಮೀಟರಿನಲ್ಲಿ ವಿಜಯಶ್ರೀ ಕೆಂಪು ಜಾಕೀಟನ್ನು ಮುಟ್ಟಿದಳು, ಆರನೆಯದರಲ್ಲಿ ದಾಟಿದಳು. ದಾಟುವಾಗ ಶ್ರೀಜಾ ತಲೆಯೆತ್ತಿ ನಗಲು ನೋಡಿದಳು. ಸೈಕಲ್ಲು ರಸ್ತೆಯ ಆ ಬದಿಗೆ ಈ ಬದಿಗೆ ಹೊಯ್ದಾಡುತ್ತಿತ್ತು.

ಮುಂದೆ ಯಾರೂ ಇರಲಿಲ್ಲ. ವಿಜಯಶ್ರೀಗೆ ರೆಕ್ಕೆ ಬಂದಂತಾಯಿತು. ಜಲ್ಲಿ ಕಲ್ಲು ಟಾಯರಿನ ಕೆಳಗೆ ಕರಕರ ಎನ್ನುತ್ತಿತ್ತು, ಉಸಿರು ಸಿಕ್ಕಷ್ಟನ್ನೇ ಎಳೆದುಕೊಳ್ಳುತ್ತ ತಿರುವಿನ ಮೇಲೆ ತಿರುವು ಏರಿದಳು. ತುದಿಗೆ ನಾಲ್ಕು ಕಿಲೋಮೀಟರ್ ಉಳಿದಿದ್ದಾಗ ಒಂದು ತಿರುವಿನಲ್ಲಿ ಕೆಳಗೆ ನೋಡಿದಳು. ಬಹಳ ಕೆಳಗೆ, ರಸ್ತೆಯ ಬದಿಯಲ್ಲಿ ಸೈಕಲ್ಲು ಮಲಗಿತ್ತು. ಪಕ್ಕದಲ್ಲಿ ಕೆಂಪು ಚುಕ್ಕೆಯೊಂದು ಕೂತಿತ್ತು. ಇನ್ನಿಬ್ಬರು ಸವಾರರು ಅವಳ ಹತ್ತಿರ ನಿಂತು, ಏನೋ ಮಾತಾಡಿ ಮುಂದಕ್ಕೆ ಬಂದರು. ದಣಿವಾರಿಸಿಕೊಳ್ಳುತ್ತಿದ್ದಾಳೆಂದು ಅವರು ತಿಳಿದಿರಬೇಕು. ಅರವತ್ತಾರೆಂದು ಗೊತ್ತಿದ್ದವಳು ಆ ಗುಡ್ಡದಲ್ಲೆಲ್ಲ ಒಬ್ಬಳೇ.

ವಿಜಯಶ್ರೀ ಮೇಲಕ್ಕೇ ಹೋದಳು.

ಬಣ್ಣಬಣ್ಣದ ಬಟ್ಟೆಯ ಪತಾಕೆಗಳು ಕಟ್ಟಿದ ತುದಿಯಲ್ಲಿ ಉತ್ಕರ್ಷ ಮೊದಲೇ ಬಂದು ನಿಂತಿದ್ದ. ಚಪ್ಪಾಳೆ ತಟ್ಟಿದ. ತಂಡದ ಹೆಂಗಸರಲ್ಲಿ ನೀವೇ ಮೊದಲು ಎಂದು ಮರಾಠಿಯಲ್ಲಿ ಹೊಗಳಿ ಸೈಕಲ್ ತಲೆಯ ಮೇಲೆ ಎತ್ತಿ ಹಿಡಿಸಿ ಫೋಟೊ ತೆಗೆದ. ಜೀಪಿನವನು ಬಿಸಿ ಸೂಪಿನ ಲೋಟ ಕೈಗಿತ್ತ. ಉತ್ಕರ್ಷ ಕೇಳಿದ, ಶ್ರೀಜಾ ಎಲ್ಲಿ?

"ಬರ್ತಾಳ, ಹಿಂದ ಅದಾಳ," ಎಂದಳು. ಮರಾಠಿ ಮರೆತು ಕನ್ನಡದಲ್ಲೇ ಅಂದಿದ್ದಳು. ಉತ್ಕರ್ಷನಿಗೆ ಅರ್ಥವಾಗಲಿಲ್ಲ. ಅವನು ಹುಬ್ಬು ಗಂಟಿಕ್ಕಿ ಅವಳ ಮುಖವನ್ನೇ ನೋಡಿದ. ಆ ಹೊತ್ತಿಗೆ ಹಿಂದಿನ ಇಬ್ಬರು ಸವಾರರು ಬಂದರು. ಶ್ರೀಜಾ ಏನೋ ವಿಚಿತ್ರ ಮಾತಾಡುತ್ತಿದ್ದಾಳೆ, ನಮ್ಮಿಬ್ಬರ ಹೆಸರು ಅದಲುಬದಲು ಮಾಡಿದಳು, ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆವು, ಎಂದು ನಕ್ಕರು.

ವಿಜಯಶ್ರೀ ಸೂಪಿನ ಲೋಟ ನೆಲಕ್ಕಿಟ್ಟಳು. ಎತ್ತರದಲ್ಲಿ ಆಮ್ಲಜನಕ ಸಾಲದೆ ಮಿದುಳಿಗೆ ನೀರು ತುಂಬಿದಾಗ ಮನುಷ್ಯರು ಹಾಗೆ ಮಾತಾಡುತ್ತಾರೆ. "ಬೆಳಿಗ್ಗೆ ಅವಳಿಗೆ ಅರವತ್ತಾರಿತ್ತು. ಪುಸ್ತಕದಲ್ಲಿ ಬರೆದದ್ದು ಸುಳ್ಳು," ಎಂದು ಮರಾಠಿಯಲ್ಲಿ ಹೇಳಿದಳು. ಉತ್ಕರ್ಷ ಜೀಪಿನತ್ತ ಓಡಿದ. ವಿಜಯಶ್ರೀ ಓಡಿಹೋಗಿ ಹತ್ತಿಕೊಂಡಳು.

ಶ್ರೀಜಾ ಒಂದು ಬಂಡೆಗೆ ಒರಗಿ ಕೂತಿದ್ದಳು. ಒಂದು ಕಾಲಿನ ಬೂಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಅಕ್ಕಾ, ಗಾಡಿ ಬಂತೇನ್ರಿ? ದ್ರಾಕ್ಷಿ ಪೆಟ್ಟಿಗಿ ಇನ್ನೂ ಕಟ್ಟಬೇಕು."

ಜೀಪಿನಲ್ಲಿದ್ದ ಆಮ್ಲಜನಕದ ಸಿಲಿಂಡರ್ ಹಚ್ಚಿ ಕಾಜಾದ ಆಸ್ಪತ್ರೆಗೆ ಇಳಿಸಿದರು. ದಾರಿಯುದ್ದಕ್ಕೂ ಕುಲುಕಾಟ. ಶ್ರೀಜಾಳ ತಲೆ ವಿಜಯಶ್ರೀಯ ತೊಡೆಯ ಮೇಲಿತ್ತು. ಮೂಗಿನ ನಳಿಕೆ ಜಾರಿದಾಗಲೆಲ್ಲ ವಿಜಯಶ್ರೀ ಸರಿಪಡಿಸುತ್ತ ಕೂತಿದ್ದಳು.

ಎರಡನೆಯ ದಿನದ ಮಧ್ಯಾಹ್ನ ಶ್ರೀಜಾ ಎದ್ದು ಕೂತು ಗಂಜಿ ಕುಡಿದಳು. ಡಾಕ್ಟರು ಬಂದು ಕಾಗದ ನೋಡುತ್ತ, ಹೊರಡುವ ಮೊದಲು ಅಳತೆ ನೋಡಿರಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ನೋಡಿದ್ದೆ, ಎಂದಳು ವಿಜಯಶ್ರೀ. ಎಷ್ಟಿತ್ತು ಎಂದು ಕೇಳಿದಾಗ ಅದನ್ನೂ ಹೇಳಿದಳು. ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವಳನ್ನು ನೋಡಿದರು, ಮತ್ತೆ ಬರೆದರು, ಹೋದರು.

ಶ್ರೀಜಾ ಚಮಚೆಯನ್ನು ತಟ್ಟೆಯಲ್ಲಿಟ್ಟಳು. "ನೀವು ಎಂಬತ್ತಂತ ಅಂದ್ರಿ."

"ಹೂಂ."

"ಯಾಕ್ರಿ ಅಕ್ಕಾ?"

"ನಿನ್ನ ಹಿಂದ ಹಾಕಬೇಕಾಗಿತ್ತು," ಎಂದಳು ವಿಜಯಶ್ರೀ. ಶ್ರೀಜಾ ಗೋಡೆಯ ಕಡೆಗೆ ಹೊರಳಿ ಮಲಗಿದಳು. ನಾಸಿಕ ಮುಟ್ಟುವವರೆಗೆ ನಾಲ್ಕು ದಿನ ಅವಳು ಅಕ್ಕಾ ಎಂದು ಕರೆಯಲಿಲ್ಲ.

ಉತ್ಕರ್ಷ ವಿಜಯಶ್ರೀಯನ್ನು ತಂಡದಿಂದ ತೆಗೆದ. ಮನೆಯವರಿಗೆ ಏನೂ ಹೇಳಲಿಲ್ಲ, ಅದು ನಿಮ್ಮ ಮನೆಯ ಮಾತು ಎಂದ. ಶ್ರೀಜಾಳೂ ಹೇಳಲಿಲ್ಲ. ವಿಜಯಶ್ರೀ ದಿನಾ ಫೋನಿಗಾಗಿ ಕಾದಳು, ಇವತ್ತು ಸಂಗಮನಾಥ ಬೈಯುತ್ತಾನೆ, ನಾಳೆ ಅತ್ತೆ ಅಳುತ್ತಾಳೆ ಎಂದು. ಯಾರೂ ಬೈಯಲಿಲ್ಲ. ಬದಲಿಗೆ ದೀಪಾವಳಿಗೆ ನಾಸಿಕಕ್ಕೆ ಹೋದಾಗ ಕಸ್ತೂರಿಬಾಯಿ ಹಿರಿಸೊಸೆಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ನೀ ಇದ್ದಿ ಅಂತ ಅಕಿ ಜೀವ ಉಳೀತವ್ವ. ಇನ್ನ ಈ ಗುಡ್ಡಗಿಡ್ಡ ಸಾಕು. ಶ್ರೀಜಾ ಸೈಕಲ್ ಮುಟ್ಟಂಗಿಲ್ಲ ಅಂತ ಹೇಳೀನಿ. ಅಕಿ ಮೈಯಾಗ ರಕ್ತ ಇಲ್ಲಂತ ನೀನೇ ಮೊದಲ ಹೇಳಿದ್ದಿ, ನಾವೇ ಕೇಳ್ಲಿಲ್ಲ."

ಶ್ರೀಜಾಳ ಸೈಕಲ್ಲು ಗ್ಯಾಲರಿಯಲ್ಲಿ ಬೆಡ್‌ಶೀಟ್ ಹೊದ್ದು ನಿಂತಿತ್ತು. ಶ್ರೀಜಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ವಿಜಯಶ್ರೀಗೆ ಆ ಕ್ಷಣದಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ಸುಮ್ಮನಿದ್ದರೆ ಸಾಕು, ಗೆಲುವು ತನ್ನದೇ. ಇನ್ನು ಮುಂದೆ ಆ ಕೆಂಪು ಜಾಕೀಟು ಯಾವ ಗುಡ್ಡದಲ್ಲೂ ಕಾಣುವುದಿಲ್ಲ. ಅತ್ತೆ, ಮೈದುನ, ಗಂಡ ಎಲ್ಲರೂ ಅದನ್ನು ತಾವೇ ಎತ್ತಿ ಅವಳ ಕೈಗಿಡುತ್ತಿದ್ದರು. ಒಳಗೆ ಒಂದು ಗಳಿಗೆ ಹಾಯೆನಿಸಿದ್ದೂ ನಿಜ.

"ಅತ್ತಿ, ಅಕಿ ರಕ್ತ ಸರಿ ಅದ," ಎಂದಳು. "ಆವತ್ತು ಮುಂಜಾನಿ ಅಕಿಗಿ ಆರಾಮಿಲ್ಲಂತ ನಂಗ ಗೊತ್ತಿತ್ತು. ಮಷೀನ್‌ನಾಗ ಕಂಡಿತ್ತು. ನಾ ಸುಳ್ಳ ಹೇಳಿ ಸೈಕಲ್ ಮ್ಯಾಲ ಕಳಿಸೀನಿ. ಹೊಟ್ಟಿಕಿಚ್ಚಿಗಿ. ಅಕಿದೇನು ತಪ್ಪಿಲ್ಲ."

ಸಂಗಮನಾಥ ತಟ್ಟೆಯ ಮುಂದಿನಿಂದ ಎದ್ದು ಹೊರಗೆ ಹೋದ. ಕಸ್ತೂರಿಬಾಯಿ ಹಿಡಿದಿದ್ದ ಕೈಗಳನ್ನು ಮೆಲ್ಲಗೆ ಬಿಟ್ಟಳು. ರವಿಕಾಂತ, "ವಿಜೂ, ಏನಂತಿ ಇದು?" ಎಂದು ಅವಳ ಬಾಯಿ ಮುಚ್ಚಿಸಲು ನೋಡಿದ. ಆ ಹೊತ್ತು ಮತ್ತೆ ಯಾರೂ ಊಟ ಮಾಡಲಿಲ್ಲ. ಸಂಗಮನಾಥ ಇವತ್ತಿಗೂ ಅತ್ತಿಗೆಯ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ.

ಸಂಭಾಜಿನಗರಕ್ಕೆ ಹೊರಡುವಾಗ ಶ್ರೀಜಾ ಕಾರಿನ ತನಕ ಬಂದಳು.

"ನಿಮ್ಮ ಮರ್ಯಾದಿ ಉಳಸ್ಲಿಕ್ಕ ನಾ ಸುಮ್ನ ಇದ್ದಿಲ್ಲರಿ," ಎಂದಳು. "ಹೇಳಿದ್ರ ಇಬ್ಬರನ್ನೂ ಕಟ್ಟಿಹಾಕ್ತಾರಂತ ಹೆದರಿದ್ದೆ. ಸುಮ್ನ ಇದ್ರೂ ಕಟ್ಟೇಬಿಟ್ರು." ಕಾರಿನ ಬಾಗಿಲು ಹಿಡಿದು ಕೇಳಿದಳು, "ಈಗ ಬಿಡ್ತಾರೇನ್ರಿ?"

"ಬಿಡ್ತಾರ. ನಾ ಬಿಡಸ್ತೀನಿ."

ಬಿಡಿಸಲು ಆರು ತಿಂಗಳು ಹಿಡಿಯಿತು. ಮುಂದಿನ ಸೆಪ್ಟೆಂಬರಿನಲ್ಲಿ ಉತ್ಕರ್ಷನ ತಂಡ ಹೊರಟಾಗ ಕಸ್ತೂರಿಬಾಯಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ರಜೆ ಹಾಕಿ ವಿಜಯಶ್ರೀಯೇ ನಾಸಿಕಕ್ಕೆ ಬಂದಳು. ಒಂದು ಮಧ್ಯಾಹ್ನ ಅತ್ತೆಯ ಕಣ್ಣಿಗೆ ಹನಿ ಔಷಧಿ ಹಾಕುತ್ತಿದ್ದಾಗ ಫೋಟೊ ಬಂತು. ಕುಂಜುಮ್ ತುದಿಯಲ್ಲಿ ಶ್ರೀಜಾ, ಕಿವಿಯಿಂದ ಕಿವಿಗೆ ನಗು. ಕೆಳಗೆ ಅವಳು ಏರಲು ತೆಗೆದುಕೊಂಡ ಹೊತ್ತು. ವಿಜಯಶ್ರೀಗಿಂತ ಮೂವತ್ತೆಂಟು ನಿಮಿಷ ಕಡಿಮೆ.

"ಏನವ್ವ ಅದು?" ಎಂದು ಕಣ್ಣು ಮುಚ್ಚಿಕೊಂಡೇ ಅತ್ತೆ ಕೇಳಿದಳು.

"ಶ್ರೀಜಾ ಏರ್ಯಾಳರಿ ಅತ್ತಿ."

ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಎರಡು ಬೊಗಸೆ ತಣ್ಣೀರು ಮುಖಕ್ಕೆ ಹೊಡೆದುಕೊಂಡಳು. ಆಮೇಲೆ ಫೋನು ಮಾಡಿದಳು. ಗಾಳಿಯ ಸದ್ದಿನಲ್ಲಿ ಶ್ರೀಜಾಳ ದನಿ ಹರಿದು ಹರಿದು ಬರುತ್ತಿತ್ತು.

"ಅಕ್ಕಾ! ಫೋಟೊ ನೋಡಿದ್ರಿ?"

"ನೋಡೀನಿ. ಹೊಟ್ಟಿ ಧಗಧಗ ಉರೀಲಿಕ್ಕತ್ತದ."

ಆ ಕಡೆ ಶ್ರೀಜಾ ಕೆಮ್ಮುತ್ತ ಕೆಮ್ಮುತ್ತ ನಕ್ಕಳು. "ಖರೇ ಹೇಳಿದ್ರಿ ನೋಡ್ರಿ. ದಸರಾಕ್ಕ ನಿಮ್ಮ ಕಡೀಗಿ ಬರ್ತೀನಿ. ಕನ್ನಡ ಘಾಟಿಗಿ ಹೋಗೂಣು?"

ಸಂಭಾಜಿನಗರದಿಂದ ಉತ್ತರಕ್ಕೆ ಕನ್ನಡ ಎಂಬ ಹೆಸರಿನ ಊರೊಂದಿದೆ. ಹೆಸರಷ್ಟೇ, ಆಡುವುದೆಲ್ಲ ಮರಾಠಿ. ಅದರ ಆಚೆ ಘಾಟಿ, ಪಕ್ಕದಲ್ಲಿ ಕಾಡಿನ ಕಚ್ಚಾ ದಾರಿ. ದಸರೆಯ ಮರುದಿನ ಇಬ್ಬರೂ ಅಲ್ಲಿಗೆ ಹೋದರು. ಶ್ರೀಜಾ ಮೊದಲ ತಿರುವಿನಲ್ಲೇ ಮುಂದಾದಳು. ವಿಜಯಶ್ರೀ ಹಲ್ಲು ಕಚ್ಚಿ ತುಳಿದಳು, ಹಿಡಿಯಲು ಆಗಲಿಲ್ಲ. ಮೇಲೆ ಹೋಗಿ ಮುಟ್ಟಿದಾಗ ಶ್ರೀಜಾ ಸೀತಾಫಲ ಮಾರುವವಳ ಬುಟ್ಟಿಯ ಹತ್ತಿರ ಕೂತು ಎರಡು ಹಣ್ಣು ಆರಿಸಿಟ್ಟಿದ್ದಳು. ವಿಜಯಶ್ರೀ ಸೈಕಲ್ ಒರಗಿಸಿ, ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಅವಳ ಪಕ್ಕ ಕೂತಳು.